ಭಾವನವರ ಮನಃಶಾಸ್ತ್ರ, ನನ್ನ ಮಗಳ ಹಲ್ಲು

ಜಗತ್ತಿನಲ್ಲಿ ಯಾವ ಮಗು ಎಲ್ಲಿ ಹಟ ಮಾಡಿದರೂ ಅದರ ಮೂಲಕಾರಣ ನಮ್ಮ ಅಡುಗೆಮನೆಯಲ್ಲಿ ಸಿಗುತ್ತದೆ ಎಂದು ನಮ್ಮ ಭಾವನವರು ನಂಬಿದ್ದರು. ನೀವು ನಗಬಹುದು. ಶನಿವಾರ ಶನಿವಾರ ಅನುಭವಿಸಿದವಳು ನಾನು.

ಭಾವನವರೆಂದರೆ ನನ್ನ ಗಂಡನ ಅಣ್ಣ, ಹಗರಿಬೊಮ್ಮನಹಳ್ಳಿಯಲ್ಲಿ ಹೈಸ್ಕೂಲು ಮಾಸ್ತರು. ಮದುವೆಯಿಲ್ಲ, ಮಕ್ಕಳಿಲ್ಲ, ಆದರೆ ಬಿ.ಎಡ್. ಇತ್ತು! ಅದರಲ್ಲಿ ಮಕ್ಕಳ ಮನಃಶಾಸ್ತ್ರದ್ದೊಂದು ಪೇಪರು ಇತ್ತಂತೆ. ಆ ಒಂದು ಪೇಪರಿನ ಬಲದ ಮೇಲೆ, ಕೊಟ್ಟೂರಿಗೆ ರೈಲಿನಲ್ಲಿ ಬಂದಿಳಿದವರು ಕೈಕಾಲು ತೊಳೆಯುವ ಮೊದಲೇ ರೋಗ ಪತ್ತೆಮಾಡಲು ಕೂರುತ್ತಿದ್ದರು.

ರೋಗಿ ನನ್ನ ಮಗಳು, ಒಂದನೇ ತರಗತಿ. ನಾನು ಎರಡನೆಯ ಹೆರಿಗೆಗೆ ತವರೂರು ನೀಲಗುಂದಕ್ಕೆ ಹೋಗುವಾಗ, ಶಾಲೆ ತಪ್ಪುತ್ತದೆಂದು ಅವಳನ್ನು ಇಲ್ಲೇ ನಮ್ಮತ್ತೆಯ ಹತ್ತಿರ ಬಿಟ್ಟಿದ್ದೆ. ಕೈಗೂಸು ಎತ್ತಿಕೊಂಡು ತಿರುಗಿ ಬಂದದ್ದೇ ತಡ, ಇವಳು ಕಂಡವರನ್ನು ಬಡಿಯಲು, ಕಚ್ಚಲು ಶುರುವಿಟ್ಟಳು. ಇನ್ನೊಂದು ಮಗುವಿನ ತಾಯಿ ಜಗಳಕ್ಕೆ ಬಂದರೆ ಶಾಲೆಯಿಂದ ಹೆಸರು ತೆಗೆಯುತ್ತೇನೆ ಎಂದು ಹೆಡ್‌ಮಾಸ್ತರು ಹೇಳಿ ಕಳಿಸಿದ್ದರು. ನಾನು ಬಿಟ್ಟುಹೋದದ್ದಕ್ಕೇ ಹೀಗಾಯಿತೇ ಎಂಬ ಹೆದರಿಕೆ ನನ್ನ ಹೊಟ್ಟೆಯೊಳಗಿತ್ತು. ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಮೊದಲ ಶನಿವಾರ ಭಾವನವರು, ದೋಷವೆಲ್ಲ ಎದೆಹಾಲು ಬಿಡಿಸುವುದರಲ್ಲಿದೆ ಎಂದರು. ತಮ್ಮನ ಹೆಂಡತಿಯನ್ನು ಇಂಥದ್ದು ನೇರವಾಗಿ ಕೇಳುವುದುಂಟೆ? ಪಡಸಾಲೆಯಲ್ಲಿ ಗೋಡೆಯತ್ತ ಮುಖಮಾಡಿ ಕೂತು ನಮ್ಮತ್ತೆಯ ಮೂಲಕ ಕೇಳಿಸಿದರು. ಬೇವಿನ ರಸ ಹಚ್ಚಿ ಬಿಡಿಸಿದೆ ಎಂಬ ನನ್ನ ಉತ್ತರವೂ ಅತ್ತೆಯ ಮೂಲಕವೇ ಹೋಯಿತು.

"ನೋಡವ್ವಾ, ಸಿಕ್ತು. ಅವತ್ತು ಬಾಯಿಗೆ ಕಹಿ ಬಿತ್ತು, ಇವತ್ತು ಕೂಸು ಬಾಯಿಲೇ ಸೇಡು ತೀರಿಸ್ಕೊಳ್ಳಾಕತ್ತೈತಿ."

"ನಿನಗೂ ಬೇವಿನ ರಸ ಹಚ್ಚೇ ಬಿಡಿಸೀನಿ," ಎಂದರು ಅತ್ತೆ. "ನೀ ಯಾರನ್ನ ಕಚ್ಚಿದೆಪಾ? ಬರೇ ನಮ್ಮ ತಲಿ ತಿಂತಿ."

ಮುಂದಿನ ಶನಿವಾರಕ್ಕೆ ಸಿದ್ಧಾಂತ ಬದಲಾಯಿತು. ಒಳ್ಳೆಯ ನಡತೆ ಬಹುಮಾನದಿಂದ ಬೆಳೆಯುತ್ತದಂತೆ. ಕಚ್ಚಲು ಹೋದವಳು ಕಚ್ಚದೆ ಬಿಟ್ಟರೆ ಒಂದು ಪೆಪ್ಪರಮೆಂಟು. ಕಿಸೆ ತುಂಬ ತಂದಿದ್ದರು. ನನ್ನ ಮಗಳೇನು ದಡ್ಡಿಯೇ? ಓಣಿಯ ಮಕ್ಕಳನ್ನೆಲ್ಲ ಕಟ್ಟೆಯ ಮೇಲೆ ಸಾಲಾಗಿ ಕೂರಿಸಿ, ಒಬ್ಬೊಬ್ಬರ ತೋಳಿಗೂ ಬಾಯಿ ಹಚ್ಚಿ, ಕಚ್ಚದೆ ಬಿಟ್ಟು, ದೊಡ್ಡಪ್ಪನತ್ತ ಕೈ ಚಾಚತೊಡಗಿದಳು. ತೋಳು ಕೊಟ್ಟವರಿಗೂ ಪಾಲು! ಕಿಸೆ ಖಾಲಿಯಾದಾಗ ಕೊನೆಗೆ ಸಿಕ್ಕಿದ್ದು ಭಾವನವರದೇ ತೋಳು. ಅದನ್ನು ಮಾತ್ರ ಕಚ್ಚದೆ ಬಿಡಲಿಲ್ಲ.

ಆ ಗಾಯ ಮಾಯುವುದರೊಳಗೆ ಮೂರನೆಯದು ಹೊಳೆಯಿತು. ಮಕ್ಕಳು ದೊಡ್ಡವರನ್ನು ನೋಡಿ ಕಲಿಯುತ್ತಾರಂತೆ. ನಾನೋ ದಿನಾ ಬೆಳಿಗ್ಗೆ ಮಗಳ ಕಣ್ಣೆದುರೇ ದಪದಪನೆ ಜೋಳದ ರೊಟ್ಟಿ ಬಡಿಯುವವಳು. ಇನ್ನೇನು ಬೇಕು?

"ಯವ್ವಾ, ಆಕಿಗೆ ಹೇಳು. ಇನ್ನ ಹದಿನೈದು ದಿನ ರೊಟ್ಟಿ ಬಡಿಯೋದು ಬಂದ್."

"ಮತ್ತ ಏನು ತಿನ್ನೂಣು?"

"ಅನ್ನ."

ನಮ್ಮ ಸೀಮೆಯ ಮನೆಯಲ್ಲಿ ಹದಿನೈದು ದಿನ ರೊಟ್ಟಿಯಿಲ್ಲ! ಎರಡೇ ದಿನಕ್ಕೆ ನಮ್ಮ ಯಜಮಾನರು ಪಕ್ಕದ ಮನೆಗೆ ಉಣ್ಣಲು ಹೋಗತೊಡಗಿದರು. "ಇವನ ಬಿ.ಎಡ್.ಗೆ ಬೆಂಕಿ ಹಾಕ" ಎಂದು ಅತ್ತೆ ತಾವೇ ಹಿಟ್ಟು ನಾದಿ ಕೂತರು. ಆ ವಾರವೇ ಮಗಳು ಶಾಲೆಯಲ್ಲಿ ಒಬ್ಬ ಹುಡುಗನ ಕಿವಿ ಕಚ್ಚಿದಳು.

ಅವನ ತಾಯಿ ಜಗಳಕ್ಕೆ ಬಂದಳು, ಹೆಡ್‌ಮಾಸ್ತರಿಂದ ಕರೆಯೂ ಬಂತು. ಯಜಮಾನರು ಅಂಗಡಿ ಬಿಟ್ಟು ಬರುವಂತಿರಲಿಲ್ಲ, ಭಾವನವರೇ ರಜೆ ಹಾಕಿ ಬಂದರು. ಇವರು ಬಾಯಿ ತೆರೆದರೆ ಹೆಸರು ಹೋಗುವುದು ಖಾತ್ರಿ ಎಂದುಕೊಳ್ಳುತ್ತ ಮಗಳ ಕೈಹಿಡಿದು ಹಿಂದೆ ನಡೆದೆ.

ಆ ಹೆಡ್‌ಮಾಸ್ತರೂ ಅಂಥದ್ದೇ ಏನೋ ಓದಿದ್ದರು, ನನ್ನ ಕರ್ಮ! ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ತಾಯಿ ಈಕಿನ್ನ ಬಿಟ್ಟು ಎಲ್ಲಿಗರ ಹೋಗಿದ್ರೇನು?" ಎಂದರು.

ಭಾವನವರು ಇಷ್ಟು ದಿನ ಆ ಮಾತನ್ನೇ ಎತ್ತಿರಲಿಲ್ಲ ಎಂಬುದು ಆಗ ಹೊಳೆಯಿತು. ಬೇವಿನ ರಸದವರೆಗೂ ಕೆದಕಿದ ಮನುಷ್ಯನಿಗೆ ಇದು ಕಾಣದೇ ಹೋದೀತೆ?

"ಬಾಣಂತನಕ್ಕ ಹೋಗಿದ್ಲುರಿ," ಎಂದರು ಭಾವನವರು. ದನಿ ಸಣ್ಣದಾಗಿತ್ತು. "ಅದೇ ಕಾರಣ ಅಂತ ನನಗ ಮೊದಲನೇ ದಿನಾನೇ ಅನಿಸಿತ್ತು. ಹಂಗ ಹೇಳಿದ್ರ ತಾಯಿ ಕುಗ್ಗಿ ಹೋಗ್ತಾಳಂತ, ಬ್ಯಾರೆ ಯಾವುದಾರ ಕಾರಣ ಸಿಗಲಿ ಅಂತ ಹುಡುಕಿದೆ. ಸಿಗಲಿಲ್ರಿ. ತಾಯಿ ಹೋಗಿದ್ದಕ್ಕ ಕೆಟ್ಟಿದ್ದು ತಾಯಿ ಬಂದಿದ್ದಕ್ಕ ನೆಟ್ಟಗಾಗತೈತಿ. ಈಕಿ ಬಂದಾಳಲ್ರಿ. ಒಂದೀಟು ದಿನ ಕೊಡ್ರಿ."

ಹೆಡ್‌ಮಾಸ್ತರು ಎದುರಿಗಿದ್ದ ಹಾಜರಿ ಪುಸ್ತಕ ಮುಚ್ಚಿಟ್ಟು, "ಆತು, ಕ್ಲಾಸಿಗೆ ಕಳಸ್ರಿ," ಎಂದರು.

ಮಗಳು ಹೋಗಲಿಲ್ಲ. ನನ್ನ ಸೀರೆಯ ನೆರಿಗೆ ಹಿಡಿದು, "ಯವ್ವಾ, ನೀ ಮತ್ತ ನೀಲಗುಂದಕ್ಕ ಹೊಕ್ಕೀಯೇನು?" ಎಂದು ಕೇಳಿದಳು.

"ಇಲ್ಲವ್ವಾ. ಹೋದ್ರ ನಿನ್ನ ಕರಕೊಂಡೇ ಹೊಕ್ಕೀನಿ," ಎಂದು ಅವಳನ್ನೆತ್ತಿಕೊಂಡೆ. ಹಿರಿಯರ ಮುಂದೆ ಎಂಬುದನ್ನೂ ಮರೆತು ಅಲ್ಲೇ ಅತ್ತುಬಿಟ್ಟೆ.