ಫುಟ್‌ಬಾಲ್ ಗೇಟಿನಲ್ಲಿ ಕಂಬಳಿ ಪಟ್ಟಿ

ಮನೆಗೊಂದು ಪಡಸಾಲೆ ಇರುವುದು ಯಜಮಾನ ಕೂರುವುದಕ್ಕೆ ಎಂದು ನಾನು ಬಹಳ ಕಾಲ ನಂಬಿದ್ದೆ. ಅದು ತಪ್ಪು. ಪಡಸಾಲೆ ಇರುವುದು ಹೆಂಡತಿಯ ತಮ್ಮ ಮಲಗುವುದಕ್ಕೆ. ಈ ತಿಳಿವಳಿಕೆ ನನಗೆ ಕೊಟ್ಟೂರಿನ ಬಾಡಿಗೆ ಮನೆಯಲ್ಲಿ ಬಂತು. ನಾನು ಅಲ್ಲಿನ ಹೈಸ್ಕೂಲಿನಲ್ಲಿ ಭೂಗೋಳ ಹೇಳುತ್ತಿದ್ದೆ. ನನ್ನ ಹೆಂಡತಿ ಗಿರಿಜೆಯ ತಮ್ಮ ಕೊಟ್ರೇಶ ಕೋಗಳಿಯಿಂದ ಒಂದು ಏರ್‌ಬ್ಯಾಗು ಹಿಡಿದು ಬಂದವನು, “ನಾಕು ದಿನ ಇದ್ದು ಹೊಕ್ಕೀನಿ ಮಾಮಾ” ಎಂದ. ಆ ನಾಕು ದಿನ ಮುಗಿಯುವಷ್ಟರಲ್ಲಿ ನನ್ನ ತಲೆಗೂದಲು ಮುಕ್ಕಾಲು ಹೋಗಿತ್ತು. ನಾನು ಶಾಲೆಯಿಂದ ಬಂದರೆ ಅವನು ಪಡಸಾಲೆಯಲ್ಲಿ ಈ ಮೂಲೆಯಿಂದ ಆ ಮೂಲೆಗೆ ಅಡ್ಡಡ್ಡ ಮಲಗಿರುತ್ತಿದ್ದ. ಫ್ಯಾನು ಅವನ ಕಡೆಗೆ ತಿರುಗಿರುತ್ತಿತ್ತು. ನಾನಿನ್ನೂ ಓದದ ಪೇಪರು ಅವನ ತಲೆಯ ಕೆಳಗಿರುತ್ತಿತ್ತು. ಏನಾದರೂ ಅಂದರೆ ಗಿರಿಜೆ, “ಪಾಪ, ಊರಾಗ ಅವನಿಗೆ ಯಾರದಾರ್ರಿ?” ಎನ್ನುತ್ತಿದ್ದಳು. ಊರಲ್ಲಿ ಅಪ್ಪ, ಅವ್ವ, ಅಣ್ಣಂದಿರು, ಅತ್ತಿಗೆಯರು ಎಲ್ಲರೂ ಇದ್ದರು. ಅವರೆಲ್ಲ ಒಟ್ಟಾಗಿಯೇ ಇವನನ್ನು ಬಸ್ಸು ಹತ್ತಿಸಿದ್ದರು.

ಇಂಥವನಿಗೂ ಒಂದು ಸಂಬಂಧ ಬಂತು ಎಂದಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ? ನನ್ನ ಮದುವೆಯಲ್ಲೇ ನಾನು ಅಷ್ಟು ಕುಣಿದಿರಲಿಲ್ಲ. ಹುಡುಗಿ ಉಜ್ಜಿನಿಯವಳು. ಅವಳ ಅಪ್ಪ ಬಸಪ್ಪನವರದು ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಅಂಗಡಿ ಮಳಿಗೆ ಖಾಲಿ ಇತ್ತು, ಅದರ ಹಿಂದೆಯೇ ಒಂದು ಕೋಣೆ. ಅಳಿಯನಾಗುವವನನ್ನು ಅಲ್ಲೇ ಕೂರಿಸಿ ವ್ಯಾಪಾರ ಮಾಡಿಸುವುದು ಅವರ ಲೆಕ್ಕ. ಆದರೆ ಬಸಪ್ಪನವರು ಮಾತಿಗೆ ಮರುಳಾಗುವ ಜನ ಅಲ್ಲ. “ಹುಡುಗ ವ್ಯಾಪಾರಸ್ಥ ಅಂತೀರಿ. ಆಗಲಿ. ಒಂದಿನ ಹೇಳದಂಗ ಬಂದು ಕಣ್ಣಿಲೆ ನೋಡ್ತೀನಿ” ಎಂದು ಹೇಳಿ ಹೋದರು. ಅವರು ನೋಡಿ ಒಪ್ಪಿದರೆ ಕೊಟ್ರೇಶ ಹಗರಿಬೊಮ್ಮನಹಳ್ಳಿಗೆ, ಪಡಸಾಲೆ ನನಗೆ. ನಾನು ಅಂದಿನಿಂದ ದಿನಾ ದೇವರಿಗೆ ಕೈಮುಗಿಯುವಾಗ ಕೇಳಿಕೊಂಡದ್ದು ಇದೊಂದನ್ನೇ. ಪ್ರಮೋಷನ್ ಸಹ ಕೇಳಲಿಲ್ಲ.

ಇಷ್ಟಕ್ಕೂ ಕೊಟ್ರೇಶ ಯಾವ ವ್ಯಾಪಾರಸ್ಥ ಎಂಬ ಪ್ರಶ್ನೆ ಇದ್ದೇ ಇತ್ತಲ್ಲ. ಆ ವರ್ಷ ಬೇಸಿಗೆಯಲ್ಲಿ, ಶಾಲೆಗೆ ರಜೆ ಬಿಡುವ ಮುಂಚೆ, ನಮ್ಮೂರ ಮೈದಾನದಲ್ಲಿ ಫುಟ್‌ಬಾಲ್ ಪಂದ್ಯಾವಳಿ ಇಟ್ಟರು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಎಲ್ಲ ಕಡೆಯಿಂದ ತಂಡಗಳು ಬರುವುದೆಂದು ಗೊತ್ತಾಯಿತು. ನಮ್ಮ ಕಡೆ ಆಗ ಎಲ್ಲರಿಗೂ ಕ್ರಿಕೆಟ್ಟಿನ ಹುಚ್ಚು. ಫುಟ್‌ಬಾಲ್ ಎಂಬುದನ್ನು ಜನ ನೋಡುತ್ತಿದ್ದದ್ದು ಹೊಸದಾಗಿ ಬಂದ ಕೇಬಲ್ ಟೀವಿಯಲ್ಲಿ. ಕೊಟ್ರೇಶನೂ ಚಹದಂಗಡಿಯ ಟೀವಿಯಲ್ಲಿ ಯಾವುದೋ ವಿದೇಶದ ಪಂದ್ಯ ನೋಡಿ ಬಂದು, ಮೊದಲ ಸಲ ಎದ್ದು ಕೂತು ಮಾತಾಡಿದ.

“ಮಾಮಾ, ಅಲ್ಲಿ ಮೈದಾನದ ಹೊರಗ ಕೊರಳಿಗೆ ಹಾಕ್ಕೊಳ್ಳೋ ಉಣ್ಣೆ ಪಟ್ಟಿ ಮಾರ್ತಾರ ನೋಡ್ರಿ. ಮಂದಿ ಮುಗಿಬಿದ್ದು ತಗಂತಾರ. ಎರಡೂ ಕೈಲೆ ಮ್ಯಾಲೆತ್ತಿ ಹಾಡ್ತಾರ. ನಮ್ಮಲ್ಲಿ ಉಣ್ಣೆಗೇನು ಬರ ಐತೇನ್ರಿ? ಕೂಡ್ಲಿಗಿ ಕಡಿ ಹಳ್ಳ್ಯಾಗ ಕಂಬಳಿ ನೇಯೋರ ಹತ್ರ ಪಟ್ಟಿ ನೇಯಿಸಿ ಗೇಟಿನಾಗ ನಿಂತೆ ಅಂದ್ರ ಮುಗೀತು.”

ನಾನು ಭೂಗೋಳದ ಮೇಷ್ಟ್ರು. ಶೀತ ವಲಯ, ಉಷ್ಣ ವಲಯ ಎಲ್ಲ ಬಿಡಿಸಿ ಹೇಳಿದೆ. “ಅಲ್ಲಿ ಹಿಮ ಬೀಳತೈತೋ, ಅದಕ್ಕ ಹಾಕ್ಕಂತಾರ. ಇಲ್ಲಿ ಬಿಸಿಲಿಗೆ ಡಾಂಬರು ಕರಗತೈತಿ” ಎಂದೆ. ಅವನು ನನ್ನನ್ನು ಕನಿಕರದಿಂದ ನೋಡಿದ. “ಹಿಮ ಬೀಳ್ದಿದ್ರ ಏನಾತು ಮಾಮಾ, ಆಟ ಅದೇ ಐತಲ್ರಿ?” ಎಂದ. ಈ ಮಾತಿಗೆ ಏನು ಉತ್ತರ ಕೊಡಬೇಕೆಂದು ನನ್ನ ಬಿ.ಎಡ್.ನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಗಿರಿಜೆಯ ಕಣ್ಣಂತೂ ಆಗಲೇ ತುಂಬಿ ಬಂದಿತ್ತು. ತಮ್ಮನ ತಲೆಯಲ್ಲಿ ಒಂದು ವಿಚಾರ ಹುಟ್ಟಿದ್ದನ್ನು ಅವಳೂ ಮೊದಲ ಸಲ ನೋಡಿದ್ದಳು.

ಪಟ್ಟಿಗಳು ಬಂದವು. ಕಂಬಳಿ ನೇಯುವ ಅಜ್ಜ ಬಲು ನಿಯತ್ತಿನ ಮನುಷ್ಯ. ಕೊರಳಿಗೆ ಹಾಕುವ ಪಟ್ಟಿಯೇ ಆಗಲಿ, ಹಾಸುವ ಕಂಬಳಿಯೇ ಆಗಲಿ, ಹುಣಸೆ ಬೀಜದ ಗಂಜಿ ಕೊಡದೆ ತನ್ನ ಮಗ್ಗದಿಂದ ಮಾಲು ಹೊರಗೆ ಹೋಗಬಾರದು ಎಂಬ ಹಟದವನು. ಹಾಗಾಗಿ ಗಂಜಿಯನ್ನು ಧಾರಾಳವಾಗಿಯೇ ಬಳಿದಿದ್ದ. ಪಟ್ಟಿಯನ್ನು ಗೋಡೆಗೆ ಒರಗಿಸಿದರೆ ಅದು ಹಾಗೆಯೇ ನಿಲ್ಲುತ್ತಿತ್ತು. ಕೊರಳಿಗೆ ಸುತ್ತಿದರೆ ತಿರುಗಿ ನೆಟ್ಟಗಾಗುತ್ತಿತ್ತು. ಬಣ್ಣವೋ, ಕುರಿ ಯಾವ ಬಣ್ಣದ್ದಿತ್ತೋ ಅದೇ ಕಪ್ಪು, ಅಂಚಿಗೊಂದು ಬಿಳಿ ಗೆರೆ. ಯಾವ ತಂಡದ ಬಣ್ಣ ಇದು ಎಂದು ಕೊಟ್ರೇಶನನ್ನು ಕೇಳಿದೆ. “ಗೆದ್ದೋರಿಗೂ ಒಪ್ಪತೈತಿ, ಸೋತೋರಿಗೂ ಒಪ್ಪತೈತಿ ಮಾಮಾ” ಎಂದ. ಆ ಗಂಟುಗಳೆಲ್ಲ ಪಡಸಾಲೆಯಲ್ಲಿ ಚಾವಣಿಯವರೆಗೆ ಏರಿದವು. ಬೇಸಿಗೆಯ ಧಗೆ, ಸಾಲದ್ದಕ್ಕೆ ಕರೆಂಟು ಇಲ್ಲ, ಅದರ ಜೊತೆಗೆ ಉಣ್ಣೆಯ ಬಿಸಿ. ಮನೆಯೊಳಗೆ ಕಾಲಿಟ್ಟರೆ ಕುರಿಹಟ್ಟಿಯ ವಾಸನೆ. ನಾನು ಶಾಲೆಗೆ ಹೋದರೆ ನಮ್ಮ ಹೆಡ್ಮಾಸ್ತರರು ಮೂಗು ಎಳೆಯುತ್ತಾ ಕಿಟಕಿಯಿಂದ ಹೊರಗೆ ಕುರಿ ಹುಡುಕುತ್ತಿದ್ದರು. ಮೈಯೆಲ್ಲ ತುರಿಕೆ. ಆ ದಿನಗಳಲ್ಲಿ ನಾನು ಬೋರ್ಡಿನ ಮೇಲೆ ಬರೆದದ್ದಕ್ಕಿಂತ ಬೆನ್ನು ಕೆರೆದುಕೊಂಡದ್ದೇ ಹೆಚ್ಚು. ಆದರೂ ಸಹಿಸಿಕೊಂಡೆ. ಎಲ್ಲ ಮಾರಾಟವಾಗಿ ಅವನು ಹೋದರೆ ಸಾಕಾಗಿತ್ತು.

ದೇವರು ಇಷ್ಟಕ್ಕೇ ಬಿಟ್ಟಿದ್ದರೆ ನಾನು ಅವನನ್ನು ದೂರುತ್ತಿರಲಿಲ್ಲ. ಪಂದ್ಯಾವಳಿಯ ಸಮಿತಿಯಲ್ಲಿ ನನ್ನ ಹೆಸರೂ ಇತ್ತು. ಅಧ್ಯಕ್ಷರು ಎಣ್ಣೆ ಮಿಲ್ಲಿನ ಸಾವ್ಕಾರ್ರು. ಅವರು ತಮ್ಮ ಮಿಲ್ಲಿನ ಹೆಸರು ಅಚ್ಚು ಹಾಕಿಸಿದ ಟೋಪಿಗಳನ್ನು ‘ಸಮಿತಿಯ ಟೋಪಿ’ ಎಂದು ಮೈದಾನದೊಳಗೆ ಮಾರಿಸುತ್ತಿದ್ದರು. ಅವನ್ನು ಯಾರೂ ಕೊಳ್ಳುತ್ತಿರಲಿಲ್ಲ. ಹೊರಗೆ ದಾವಣಗೆರೆ ಕಡೆಯಿಂದ ಬಂದವರು ಊರೂರಿನ ಹೆಸರು ಬರೆದ ಬನಿಯನ್ನು, ಬಣ್ಣದ ರಿಬ್ಬನ್ನು, ಪೀಪಿ ಇಟ್ಟುಕೊಂಡು ಕೂತಿದ್ದರು, ಜನ ಅಲ್ಲಿ ಮುಗಿಬೀಳುತ್ತಿದ್ದರು. ಇದು ಕಣ್ಣಿಗೆ ಬಿದ್ದು ಸಾವ್ಕಾರ್ರು ನನ್ನನ್ನು ಕರೆದರು. “ಮೇಷ್ಟ್ರ, ನಿಮಗ ಆಟ ಬರಂಗಿಲ್ಲ, ಭಾಷಣ ಬರಂಗಿಲ್ಲ. ಗೇಟಿಗೆ ನಿಂದರ್ರಿ. ಸಮಿತಿ ಮಾಲು ಬಿಟ್ಟು ಬ್ಯಾರೆ ಮಾಲು ಯಾವನರ ಮಾರಿದ್ರ ಓಡಸ್ರಿ” ಎಂದು ನನ್ನ ಕೊರಳಿಗೆ ಒಂದು ಸೀಟಿ ಕಟ್ಟಿದರು.

ನನ್ನ ಅವಸ್ಥೆ ನೋಡಿ. ಮನೆಯಲ್ಲಿ ಯಾವನ ಮಾಲು ಮಾರಾಟವಾಗಲಿ ಎಂದು ದೇವರಿಗೆ ತುಪ್ಪದ ದೀಪ ಹಚ್ಚಿ ಬಂದಿದ್ದೆನೋ ಅವನನ್ನೇ ಗೇಟಿನಿಂದ ಓಡಿಸಬೇಕು. ಮೊದಲ ದಿನ ಬನಿಯನ್ನಿನವರನ್ನು, ಪೀಪಿಯವರನ್ನು ಸೀಟಿ ಊದಿ ಎಬ್ಬಿಸಿದೆ. ಕೊಟ್ರೇಶ ಮಾತ್ರ ಹೆಗಲ ತುಂಬ ಪಟ್ಟಿ ಹೊತ್ತು ನಗುತ್ತಾ ನಿಂತಿದ್ದ. ಹತ್ತಿರ ಹೋಗಿ ಹಲ್ಲು ಕಡಿದೆ. ಅವನು ಮೆಲ್ಲಗೆ, “ಸಾವ್ಕಾರ್ರು ನೋಡಕತ್ಯಾರ ಮಾಮಾ. ನೀವು ಓಡಿಸಿದಂಗ ಮಾಡ್ರಿ, ನಾ ಹೋದಂಗ ಮಾಡ್ತೀನಿ” ಎಂದ. ನಾನು ಓಡಿಸಿದಂತೆ ಮಾಡಿದೆ, ಅವನು ಹೋದಂತೆ ಮಾಡಿ ಕಾಂಪೌಂಡು ಸುತ್ತಿ ಹಿಂದಿನ ಗೇಟಿಗೆ ಬಂದ. ನಾನು ಅಲ್ಲಿಗೆ ಹೋದರೆ ಅವನು ಇಲ್ಲಿಗೆ. ಒಳಗೆ ಆಡುವ ಹುಡುಗರಿಗಿಂತ ಹೆಚ್ಚು ನಾನು ಆ ಬಿಸಿಲಲ್ಲಿ ಓಡಿದೆ. ಪೀಪಿ ಮಾರುವ ಮುದುಕ, “ಯಾಕ್ರೀ ಮೇಷ್ಟ್ರ, ನಿಮ್ಮ ಹೇಣ್ತಿ ತಮ್ಮಗೊಂದು ನ್ಯಾಯ, ನಮಗೊಂದು ನ್ಯಾಯ ಏನ್ರಿ?” ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದ. ನೆಲ ಬಿರಿದು ಒಳಗೆ ಹೋದರೆ ತಂಪಾಗಿಯಾದರೂ ಇರಬಹುದು ಎನ್ನಿಸಿತು.

ಇಷ್ಟೆಲ್ಲ ಮಾನ ಕಳೆದುಕೊಂಡರೂ ಪಟ್ಟಿ ಮಾತ್ರ ಮಾರಾಟವಾಗಲಿಲ್ಲ. ಹರಪನಹಳ್ಳಿಯ ಒಬ್ಬ ಹುರುಪಿನ ಹುಡುಗ ಕೊಂಡು ಕೊರಳಿಗೆ ಸುತ್ತಿಕೊಂಡ. ಅರ್ಧ ಆಟ ಮುಗಿಯುವುದರೊಳಗೆ ಬೆವರಿಗೆ ಹುಣಸೆ ಗಂಜಿ ಕರಗಿ ಪಟ್ಟಿ ಅವನ ಕುತ್ತಿಗೆಗೆ ಅಂಟಿಕೊಂಡಿತು. ಇಬ್ಬರು ಗೆಳೆಯರು ಹಿಡಿದು ಕಿತ್ತರು. ಅವನು ಕೂಗಿದ್ದಕ್ಕೆ ಗೋಲು ಬಿತ್ತೆಂದು ತಿಳಿದು ಮೈದಾನದಲ್ಲಿ ಅರ್ಧ ಜನ ಚಪ್ಪಾಳೆ ತಟ್ಟಿದರು. ಕೊಟ್ರೇಶ ಇದನ್ನೂ ಜಾಹೀರಾತು ಎಂದೇ ಲೆಕ್ಕ ಹಾಕಿದ. ನಾನು ರಾತ್ರಿ ಊಟ ಬಿಟ್ಟೆ.

ಫೈನಲ್ ದಿನ ಮಧ್ಯಾಹ್ನ ಒಳಗಿಂದ ದೊಡ್ಡ ಗದ್ದಲ ಎದ್ದಿತು. “ಪೆನಾಲ್ಟಿ ಅಂತ ಮಾಮಾ, ಒಂದ್ ನಿಮಿಷ ಹಿಡ್ಕಳ್ರಿ” ಎಂದು ಕೊಟ್ರೇಶ ಪಟ್ಟಿಯ ಹೊರೆಯನ್ನು ನನ್ನ ಹೆಗಲಿಗೆ ಹಾಕಿ, ಬೇಡವೆನ್ನುವುದರೊಳಗೆ ಗೇಟು ದಾಟಿ ಮಾಯವಾದ. ಆ ಕ್ಷಣಕ್ಕೇ ಸರಿಯಾಗಿ ಬಸ್ಸಿಳಿದು ಕೊಡೆ ಹಿಡಿದು ಬಂದವರು ಉಜ್ಜಿನಿಯ ಬಸಪ್ಪನವರು.

“ಶರಣ್ರಿ ಮೇಷ್ಟ್ರ. ಹುಡುಗ ಎಲ್ಲದಾನ?”

ಪೆನಾಲ್ಟಿ ನೋಡಲು ಹೋಗಿದ್ದಾನೆ ಎಂದರೆ ಪಡಸಾಲೆ ಹೋಯಿತು. “ಮಾಲು ಸಾಲವಲ್ದು, ಇನ್ನೊಂದು ಗಂಟು ತರಾಕ ಹೋಗ್ಯಾನ್ರಿ” ಎಂದೆ. ಬಸಪ್ಪನವರು ಕೊಡೆ ಮಡಿಚಿ ಬೇವಿನ ನೆರಳಲ್ಲಿ ಕೂತು, “ಹಂಗಾದ್ರ ಮಾರ್ರಿ ನೋಡೋಣ” ಎಂದರು. ಇಡೀ ಜನ್ಮದಲ್ಲಿ ನಾನು ಬೀದಿಯಲ್ಲಿ ದನಿ ಎತ್ತಿದವನಲ್ಲ. ಅವತ್ತು ಎತ್ತಿದೆ. ಫುಟ್‌ಬಾಲ್ ನೋಡುವವರು ಯಾರೂ ಇತ್ತ ತಿರುಗಲಿಲ್ಲ. ಗೇಟಿನ ಬಳಿ ಶೇಂಗಾ, ಸೌತೆಕಾಯಿ ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳಲ್ಲಿ ಒಬ್ಬಾಕೆ ಎದ್ದು ಬಂದು ಪಟ್ಟಿಯನ್ನು ಮುಟ್ಟಿ ನೋಡಿ, ಗುಂಡಗೆ ಸುತ್ತಿ ತಲೆಯ ಮೇಲಿಟ್ಟುಕೊಂಡಳು. ಅದರ ಮೇಲೆ ಬುಟ್ಟಿ ಇಟ್ಟಳು. ಬುಟ್ಟಿ ಅಲುಗಲಿಲ್ಲ. “ಯವ್ವಾ, ಸಿಂಬಿಗೆ ಇದರಂಥದಿಲ್ಲ ಬರ್ರೇ!” ಎಂದು ಕೂಗಿದಳು. ಹೊರೆ ಹೊರುವವರ ತಲೆಗೆ ಗಂಜಿ ಹಾಕಿದ ಉಣ್ಣೆಗಿಂತ ಒಳ್ಳೆಯ ಸಿಂಬಿ ಇಲ್ಲ ಎಂದು ನನಗೆ ಆಗ ಹೊಳೆಯಿತು. “ಸಿಂಬಿ, ಸಿಂಬಿ! ಕೊಡ ಅಲುಗಂಗಿಲ್ಲ, ಬುಟ್ಟಿ ಜಾರಂಗಿಲ್ಲ!” ಎಂದು ಕೂಗಿದೆ. ಸೌತೆಕಾಯಿಯವರು ಬಂದರು, ಕಟ್ಟಿಗೆ ಹೊರೆಯವರು ಬಂದರು, ನೀರಿನ ಕೊಡದವರು ಬಂದರು. ನನ್ನ ಕೊರಳ ಸೀಟಿಯನ್ನೇ ಊದಿ ಜನರನ್ನು ಕರೆದೆ. ನಿಜ ಹೇಳಬೇಕೆಂದರೆ, ಸ್ವಲ್ಪ ಹೊತ್ತು ನನಗೆ ಬಹಳ ಖುಷಿಯಾಯಿತು.

ಸೀಟಿಯ ಸದ್ದಿಗೆ ಸಾವ್ಕಾರ್ರೇ ಹೊರಗೆ ಬಂದರು. “ಓಡಸ್ರಿ ಅಂತ ನಿಂದ್ರಿಸಿದ್ರ ನೀವ ಅಂಗಡಿ ತಗದೀರಲ್ರೀ! ಮೇಷ್ಟ್ರಾಗಿ ನಾಚಿಕಿ ಬ್ಯಾಡೇನು?” ಎಂದು ಅಷ್ಟು ಜನರ ಎದುರಿಗೆ ಸೀಟಿ ಬಿಚ್ಚಿಸಿಕೊಂಡರು. ಬಸಪ್ಪನವರು ನೋಡುತ್ತಿದ್ದರು. ಮಾನ ಹೋದರೆ ಹೋಗಲಿ, ಪಡಸಾಲೆ ಉಳಿದರೆ ಸಾಕು ಎಂದು ತಲೆ ತಗ್ಗಿಸಿ ನಿಂತೆ. ಪಂದ್ಯ ಮುಗಿದು ಕೊಟ್ರೇಶ ಗೆದ್ದವರ ಜೊತೆ ಗುಲಾಲು ಮೆತ್ತಿಕೊಂಡು ಕುಣಿಯುತ್ತಾ ಹೊರಬಿದ್ದಾಗ ನನ್ನ ಹೆಗಲ ಮೇಲೆ ಒಂದು ಪಟ್ಟಿಯೂ ಉಳಿದಿರಲಿಲ್ಲ.

ಸಂಜೆ ನಮ್ಮ ಮನೆಯಲ್ಲಿ ಬಸಪ್ಪನವರು ಮಂಡಕ್ಕಿ, ಮೆಣಸಿನಕಾಯಿ ತಿಂದು, ಚಹ ಕುಡಿದು, ಗಂಟಲು ಸರಿಮಾಡಿಕೊಂಡರು. “ಮಗಳನ್ನ ಕೊಡ್ತೀನಿ” ಎಂದರು. ಗಿರಿಜೆ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ. ಅವರು ಮಾತು ಮುಂದುವರಿಸಿದರು: “ಹುಡುಗನ ವ್ಯಾಪಾರ ನಾ ನೋಡ್ಲಿಲ್ಲ, ಸುಳ್ಳ್ಯಾಕ. ಆದ್ರ ಮೇಷ್ಟ್ರ ವ್ಯಾಪಾರ ನೋಡಿದೆ. ಬಿಸಿಲಾಗ ನಿಂತು, ಬೈಸಿಕೊಂಡು, ಹೇಣ್ತಿ ತಮ್ಮನ ಮಾಲು ಮಾರೋ ಇಂಥ ಮಾಮ ಯಾರಿಗೆ ಸಿಕ್ತಾನ್ರಿ? ಹಗರಿಬೊಮ್ಮನಹಳ್ಳಿ ಅಂಗಡಿ ಮಾತು ಬ್ಯಾಡ, ಅದನ್ನ ಬಾಡಿಗಿಗೆ ಕೊಟ್ಟುಬಿಡ್ತೀನಿ. ಹುಡುಗ, ಹುಡುಗಿ ಇಬ್ರೂ ಇಲ್ಲೇ ನಿಮ್ಮ ಕಣ್ಣೆದುರಿಗೆ ಇರ್ಲಿ.” ನಾನು ಏನೋ ಹೇಳಲು ಬಾಯಿ ತೆರೆದೆ. ಗಿರಿಜೆ ತೆರೆದ ಬಾಯಿಗೆ ಸಕ್ಕರೆ ಹಾಕಿದಳು.

ಮದುವೆಯಾಯಿತು. ಹೊಸ ಜೋಡಿಗೆ ಒಳಗಿನ ಕೋಣೆ ಬೇಕಲ್ಲವೇ? ಬಿಟ್ಟುಕೊಟ್ಟೆವು. ಗಿರಿಜೆ ಅಡುಗೆಮನೆಯಲ್ಲಿ ಹಾಸಿಕೊಂಡಳು, ನಾನು ಪಡಸಾಲೆಗೆ ಬಂದೆ. ಸಿಂಬಿಯ ವ್ಯಾಪಾರ ನಿಧಾನಕ್ಕೆ ಕುದುರಿತು, ಗಂಟುಗಳು ಮತ್ತೆ ಚಾವಣಿ ಮುಟ್ಟಿದವು. ಒಂದು ಭಾನುವಾರ ಬನಿಯನ್ನಿನಲ್ಲಿ ಆ ಗಂಟುಗಳ ನಡುವೆ ಬೆನ್ನು ಕೆರೆದುಕೊಳ್ಳುತ್ತಾ ಕೂತಿದ್ದೆ. ಉಚ್ಚಂಗಿದುರ್ಗದ ಕಡೆಯ ಒಬ್ಬ ಗಿರಾಕಿ ಬಾಗಿಲಲ್ಲಿ ನಿಂತು, “ಕೊಟ್ರೇಶಣ್ಣಾರು ಅದಾರೇನು?” ಎಂದು ಕೇಳಿದ. ಒಳಗೆ ಮಲಗಿದ್ದಾರೆ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀನು ಅವರ ಕೈಯಾಗ ಕೆಲಸಕ್ಕಿದ್ದೀಯೇನಪಾ? ಯಾವಾಗಿಂದ?” ಎಂದ.

“ಅವರ ಅಕ್ಕನ್ನ ಮದಿವಿ ಆದಾಗಿಂದ” ಎಂದು ಹೇಳಿ, ಅವನಿಗೆ ಒಂದು ಗಂಟು ಇಳಿಸಿಕೊಟ್ಟೆ.