ನಾನೊಬ್ಬಳೇ ಕಳೆ ಕಿತ್ತ ರಾಗಿ

ಆರು ತಿಂಗಳ ಮಗನನ್ನು ಬೆನ್ನಿಗೆ ಕಟ್ಟಿಕೊಂಡು, ಕಾಲು ಎಕರೆ ರಾಗಿಯ ಕಳೆಯನ್ನು ನಾನೊಬ್ಬಳೇ ಕೀಳುತ್ತೇನೆ ಎಂದು ಮನೆಯಲ್ಲಿ ಘೋಷಿಸಿದೆ. ಯುದ್ಧಕ್ಕೆ ಹೊರಟ ರಾಣಿಗೂ ಅಷ್ಟು ಧೈರ್ಯವಿದ್ದಿರಲಾರದು.

ನಮ್ಮ ಕುಮಿ ಸೀಮೆಯಲ್ಲಿ ಕಳೆ ಕೀಳಲು ನೆರೆಯ ಹೆಂಗಸರನ್ನೆಲ್ಲ ಕರೆಯಬೇಕು. ಸಂಜೆ ಅವರ ನಡುವೆ ರಾಗಿ ಬಿಯರಿನ ಗಡಿಗೆ ಇಡಬೇಕು. ಉದ್ದುದ್ದ ಕೊಳವೆಗಳಲ್ಲಿ ಅದನ್ನು ಹೀರುತ್ತ ಅವರು ನನ್ನ ಅಡುಗೆ, ನನ್ನ ನಡಿಗೆ, ನಾನು ಮಗುವಿಗೆ ಹಾಲೂಡಿಸುವ ಭಂಗಿ, ಎಲ್ಲವನ್ನೂ ವಿಮರ್ಶಿಸುತ್ತಾರೆ. ಸಾಕಪ್ಪಾ ಸಾಕು. ಅತ್ತೆ ನನ್ನ ಪಾಲಿಗೆಂದು ಬಿಟ್ಟುಕೊಟ್ಟ ಮೊದಲ ಹೊಲ ಇದು. ಇಲ್ಲಿಯ ರಾಗಿ ನನ್ನ ಮಗ ಒಮೊಡಿಂಗನ ಮೊದಲ ಗಂಜಿಗೆ ಮೀಸಲು.

"ಕಳೆ ಗುರುತು ಸಿಗುತ್ತೇನೇ ನಿಂಗೆ?" ಎಂದರು ಅತ್ತೆ ಅಸೆಕೆನ್ಯೆ.

"ಜಿಂಜಾ ಪಟ್ಟಣದಲ್ಲಿ ಬೆಳೆದ್ರೆ ಕಣ್ಣಿರಲ್ವಾ ಅತ್ತೆ?"

"ಕಣ್ಣಿದೆ. ಅದಕ್ಕೇ ಭಯ."

ಹೊಲದಲ್ಲಿ ಎರಡು ಬಗೆಯ ಪೈರು ಬೆರೆತುಕೊಂಡಿತ್ತು. ಒಂದು ದಷ್ಟಪುಷ್ಟ, ಇನ್ನೊಂದು ಮುನಿಸಿಕೊಂಡ ಮಗುವಿನಂತೆ ಸಪ್ಪೆ. ಕೊಬ್ಬಿದ್ದು ಬೆಳೆ, ಸೊರಗಿದ್ದು ಕಳೆ; ಇದಕ್ಕಿಂತ ಸರಳ ನ್ಯಾಯ ಉಂಟೇ? ಮೂರು ದಿನ ಸೊರಗಿದ್ದನ್ನೆಲ್ಲ ಹುಡುಕಿ ಹುಡುಕಿ ಕಿತ್ತೆ. ಮೊದಲೆರಡು ದಿನದ ಗುಡ್ಡೆಗಳನ್ನು ಗಂಡ ಒಜಿಲೊಂಗ್ ಹೊತ್ತೊಯ್ದು ಮೇಕೆಗಳ ಮುಂದೆ ಸುರಿದ.

"ಮೇಕೆಗಳು ನಿನ್ನನ್ನ ಬಹಳ ಹೊಗಳ್ತಿವೆ ಕಣೇ."

ನಾನು ನಂಬಿ ಹಿಗ್ಗಿದೆ.

ಮೂರನೆಯ ದಿನ ಸಂಜೆ ಅತ್ತೆ ಬಂದು ಬದುವಿನ ಮೇಲೆ ನಿಂತರು. ಒಂದು ಪೈರು ಕಿತ್ತು ನೋಡಿದರು.

"ಇದನ್ನ ಯಾರಿಗೆ ಬೆಳೆಸ್ತಿದೀಯ?"

"ನಿಮ್ಮ ಮೊಮ್ಮಗನಿಗೆ."

"ಗುಬ್ಬಚ್ಚಿ ಸಾಕಿದೀಯೇನೋ ಅನ್ಕೊಂಡೆ. ಬುಡ ನೋಡು, ಚಪ್ಪಟೆ, ಬೆಳ್ಳಗೆ. ಕಾಡುರಾಗಿ ಇದು. ಕಾಳೆಲ್ಲ ಕೊಯ್ಲಿಗೆ ಮುಂಚೆ ಉದುರಿ ಹೋಗತ್ತೆ."

"ಹಾಗಾದ್ರೆ ರಾಗಿ?"

"ಮುಕ್ಕಾಲು ಪಾಲು ಮೇಕೆ ಹೊಟ್ಟೇಲಿದೆ."

ನಾನು ಬದುವಿನ ಮೇಲೆ ಕುಳಿತು ಅತ್ತುಬಿಟ್ಟೆ. ಅಮ್ಮನ ರಾಗಕ್ಕೆ ಬೆನ್ನ ಮೇಲಿದ್ದ ಮಗನೂ ದನಿಗೂಡಿಸಿದ. ಅತ್ತೆ ಬೈಯಲಿಲ್ಲ, ಅದು ಬೈಗುಳಕ್ಕಿಂತ ಉರಿಯಿತು. ಅವರು ಸೊಂಟದ ಬಟ್ಟೆ ಬಿಗಿದು, "ಅತ್ತಿದ್ದು ಆಯ್ತಾ? ಇವತ್ತಿನ ಗುಡ್ಡೆ ಇನ್ನೂ ಹಸಿಯಾಗಿದೆ. ನೀರು ಚಿಮುಕಿಸಿ ಮುಚ್ಚಿಡು, ನಾಳೆ ಮತ್ತೆ ನೆಡೋಣ. ಮೇಕೆಗಳನ್ನ ಕಟ್ಟು, ಗಂಡನ್ನೂ ಕಟ್ಟು" ಎಂದರು.

ಯಾರನ್ನು ಕರೆಯಬಾರದೆಂದಿದ್ದೆನೋ ಅವರ ಬಾಗಿಲಿಗೇ ಓಡಿದೆ. ಮರುದಿನ ಬೆಳಗಿನ ಮಳೆಯಲ್ಲೇ ಆ ಹೆಂಗಸರೆಲ್ಲ ಗುದ್ದಲಿ ಹಿಡಿದು ಬಂದರು. ಕಾಡುರಾಗಿಯನ್ನೆಲ್ಲ ಕಿತ್ತರು. ಗುಡ್ಡೆಯಲ್ಲಿ ಉಳಿದಿದ್ದಷ್ಟೇ ಪೈರು ಇಡೀ ಹೊಲಕ್ಕೆ ಸಾಲಬೇಕಲ್ಲ, ಗೇಣಿಗೊಂದರಂತೆ ಸಾಲು ಹಿಡಿದು ನೆಟ್ಟರು. ಸಂಜೆ ಗಡಿಗೆಯ ಸುತ್ತ ನನ್ನ ನಡಿಗೆಯೂ ವಿಮರ್ಶೆಗೊಳಗಾಯಿತು. ತಲೆ ತಗ್ಗಿಸಿ ಕೇಳಿಸಿಕೊಂಡೆ.

ಆದರೆ ಜಾಗ ಸಿಕ್ಕ ಆ ಸಪ್ಪೆ ಪೈರುಗಳು ಬುಡದಲ್ಲಿ ಹೊಸ ಕವಲು ಚಿಗುರಿಸಿ ತೆಂಡೆಯೊಡೆದ ಪರಿಯೇ ಪರಿ! ಅಂಗೈಯಗಲದ ತೆನೆಗಳು, ಒಮೊಡಿಂಗನ ಗಂಜಿಗೆ ಸಾಕಾಗಿ ಮಿಗುವಷ್ಟು. ದಾರಿಯಲ್ಲಿ ಹೋಗುತ್ತಿದ್ದ ಕೃಷಿ ಅಧಿಕಾರಿ ಮೋಟಾರ್ ಸೈಕಲ್ ನಿಲ್ಲಿಸಿ ಒಳಗೆ ಬಂದರು.

"ಎಲ್ಲರೂ ಎರಚಿ ಬಿತ್ತೋ ಊರಲ್ಲಿ ಸಾಲು ನಾಟಿ! ಯಾರದಮ್ಮ ಈ ವಿಧಾನ?"

ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅತ್ತೆ ಮುಂದೆ ಬಂದರು.

"ನನ್ನ ಸೊಸೇದು. ಬರ್ಕೊಳ್ಳಿ ಸ್ವಾಮಿ. ಮೊದಲು ರಾಗೀನೆಲ್ಲ ಕಳೆ ಅಂತ ಕಿತ್ತು ಹಾಕ್ಬೇಕು. ಆಮೇಲೆ ಬದುವಿನ ಮೇಲೆ ಕೂತು ಅಳಬೇಕು."

ಅಧಿಕಾರಿ ಅಷ್ಟನ್ನೂ ಶ್ರದ್ಧೆಯಿಂದ ಬರೆದುಕೊಂಡು, ಪೆನ್ನು ಎತ್ತಿ ನನ್ನ ಕಡೆ ತಿರುಗಿದರು.

"ಎಷ್ಟು ಹೊತ್ತು?"