ಒವಿತಿ ಮೇಷ್ಟರ ಅಂಗಳದ ಪಂದ್ಯ

ಕೊರೋನಾ ಬಂದು ಶಾಲೆ ಮುಚ್ಚಿದಾಗ ಒವಿತಿ ಮೇಷ್ಟರು ಬೇಸರಪಡಲಿಲ್ಲ. ಚರ್ಚು ಮುಚ್ಚಿದಾಗಲೂ, ದೇವರು ಮನೆಯಲ್ಲೂ ಇದ್ದಾನಲ್ಲ ಎಂದು ಸಮಾಧಾನ ಮಾಡಿಕೊಂಡರು. ಆದರೆ ಫುಟ್‌ಬಾಲ್ ಲೀಗನ್ನು ಮುಂದಿನ ಆದೇಶದವರೆಗೆ ನಿಲ್ಲಿಸಲಾಗಿದೆ ಎಂದು ರೇಡಿಯೋ ಹೇಳಿದ ದಿನ ಕೈಯಲ್ಲಿದ್ದ ಚಹದ ಲೋಟ ಕೆಳಗಿಟ್ಟು, "ಇದು ಮಾತ್ರ ಅತಿಯಾಯ್ತು" ಎಂದರು. ರೋಗಕ್ಕೆ ಹೇಳಿದರೋ, ಸರ್ಕಾರಕ್ಕೆ ಹೇಳಿದರೋ, ರೇಡಿಯೋಗೇ ಹೇಳಿದರೋ, ಗೊತ್ತಾಗಲಿಲ್ಲ.

ಕಿಸುಮು ಪಟ್ಟಣದಲ್ಲಿ ಮೇಷ್ಟರಿಗೆ ಎರಡು ಅವತಾರ. ವಾರವೆಲ್ಲ ಟೈ ಕಟ್ಟಿದ ಉಪ ಮುಖ್ಯೋಪಾಧ್ಯಾಯ. ಅವರು ಕೆಮ್ಮಿದರೆ ಸಾಕು, ಇಡೀ ಶಾಲೆ ಉಸಿರು ಬಿಗಿ ಹಿಡಿಯುತ್ತಿತ್ತು. ಶನಿವಾರ ಬಂತೆಂದರೆ ಮುಖಕ್ಕೆ ನೀಲಿ ಬಣ್ಣ, ತಲೆಗೆ ಮೀನಿನಾಕಾರದ ಟೋಪಿ, ಕೈಯಲ್ಲಿ ಮೊಳದುದ್ದದ ಪೀಪಿ. ಆಗ ಅವರು ಲೇಕ್ ರೋವರ್ಸ್ ತಂಡದ ಅಭಿಮಾನಿ ಬಳಗದ ಮಹಾಪ್ರಧಾನ ಪೀಪಿವಾದಕ. ಬೆಳಿಗ್ಗೆ ಹೊರಟರೆ ಸಂಜೆ ಗಂಟಲು ಕಳೆದುಕೊಂಡೇ ಮನೆಗೆ ಬರುತ್ತಿದ್ದರು. ಒಬ್ಬಳೇ ಮಗಳು ಅಪೊಂಡಿ ಹುಟ್ಟಿದ್ದೂ ಶನಿವಾರವೇ. ಮೇಷ್ಟರು ಪಂದ್ಯದ ವಿರಾಮದಲ್ಲಿ ಆಸ್ಪತ್ರೆಗೆ ಓಡಿ ಮಗುವಿನ ಮುಖ ನೋಡಿದ್ದರು. (ದ್ವಿತೀಯಾರ್ಧಕ್ಕೆ ಸರಿಯಾಗಿ ವಾಪಸ್ಸೂ ಬಂದಿದ್ದರು.)

ಹೀಗಾಗಿ ತಮ್ಮ ಮನೆಯಲ್ಲಿ ಶನಿವಾರ ಮಧ್ಯಾಹ್ನ ಹೇಗಿರುತ್ತದೆ ಎನ್ನುವುದು ಅವರಿಗೆ ಗೊತ್ತೇ ಇರಲಿಲ್ಲ. ಈಗ ಗೊತ್ತಾಗತೊಡಗಿತು. ಅತ್ತ ಮೈದಾನದಲ್ಲಿ ಗೋಲು ನಿಂತಿತು, ಇತ್ತ ಮನೆಯಲ್ಲಿ ಗೋಳು ಶುರುವಾಯಿತು.

ಮೊದಲ ಶನಿವಾರ ನೀಲಿ ಅಂಗಿ ತೊಟ್ಟು ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತರು.

"ಎಡಗಡೆ ಪೂರ್ತಿ ಖಾಲಿ ಬಿಟ್ಟಿದ್ದೀಯ. ಸೊಪ್ಪನ್ನ ಆ ಕಡೆಗೆ ಪಾಸ್ ಮಾಡು" ಎಂದರು.

ಹೆಂಡತಿ ಮುಹೊಂಜಾ ಬಾಣಲೆಯಿಂದ ಕಣ್ಣು ಎತ್ತದೆ, ಆ ಕಡೆಯ ರೂಢಿಯಂತೆ ಗಂಡನನ್ನು ಅಪೊಂಡಿಯ ಅಪ್ಪ ಎಂದೇ ಕರೆದಳು. "ಬಾಬಾ ಅಪೊಂಡಿ, ನಾನು ಈ ಬಾಣಲೇಲಿ ಇಷ್ಟು ವರ್ಷ ನಿಮ್ಮನ್ನ ಕೇಳಿ ಸೊಪ್ಪು ಹುರಿದಿದ್ದೀನಾ?"

"ಅದಕ್ಕೇ ನಿನ್ನ ಡಿಫೆನ್ಸ್ ಇಷ್ಟು ಸಡಿಲ. ನೋಡು, ಈರುಳ್ಳಿ ಸೀದುಹೋಯ್ತು."

"ಸೀದಿದ್ದು ಈರುಳ್ಳಿ ಅಲ್ಲ, ನನ್ನ ತಲೆ. ಹೊರಗೆ ಹೋಗ್ರೀ!"

ಹೊರಗೆ ಹೋದ ಮೇಷ್ಟರು ಕೋಳಿಗಳನ್ನು ಸಾಲಾಗಿ ನಿಲ್ಲಿಸಲು ನೋಡಿದರು. ಮಾತು ಕೇಳದ ಹುಂಜಕ್ಕೆ ಹಳದಿ ಕರವಸ್ತ್ರ ತೋರಿಸಿ ಎಚ್ಚರಿಕೆ ಕೊಟ್ಟರು. ಹುಂಜ ರೆಫರಿಯನ್ನೇ ಕುಕ್ಕಿತು. ಒಳಗೆ ಬಂದು, ಮಂಚದ ಮೇಲೆ ಬಿದ್ದುಕೊಂಡು, ಗೋಡೆಯ ಕಡೆ ತಿರುಗಿದರು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲಲ್ಲಿ ಇಣುಕಿದ ಮುಹೊಂಜಾಗೆ ಗಂಡನ ಬೆನ್ನು ನೋಡಿಯೇ ಅಯ್ಯೋ ಎನ್ನಿಸಿತು. ಗಂಟಲು ಕೆಡದೆ ಶನಿವಾರ ಕಳೆದ ಆ ಮನುಷ್ಯ ಜ್ವರ ಬಂದವರ ಹಾಗೆ ಕಾಣುತ್ತಿದ್ದರು.

ಎರಡನೆಯ ವಾರ ಬೇಲಿಯಾಚೆಯಿಂದ ಒಗುಟು ಕರೆದರು. ಅವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು, ಮೈದಾನದಲ್ಲಿ ಮೇಷ್ಟರ ಪಕ್ಕದ ಸೀಟಿನವರು. "ಮೇಷ್ಟ್ರೇ, ಮನೇಲಿ ಕೂತೂ ಕೂತೂ ನಾನು ಹೆಂಡತಿ ಮಾತಿಗೆಲ್ಲ ಹೂಂ ಅನ್ನೋ ಸ್ಥಿತಿಗೆ ಬಂದಿದ್ದೀನಿ. ಏನಾದ್ರೂ ಮಾಡಿ."

ಮೇಷ್ಟರ ತಲೆಯಲ್ಲಿ ದೀಪ ಹತ್ತಿತು. ಆಡುವವರಿಲ್ಲದಿದ್ದರೇನು, ಹೇಳುವವನಿದ್ದಾನಲ್ಲ! ಆ ಶನಿವಾರ ಮಧ್ಯಾಹ್ನ ಸ್ಟೂಲಿನ ಮೇಲೆ ಹತ್ತಿ ನಿಂತು, ಶಾಲೆಯ ಕ್ರೀಡಾಕೂಟದ ಧ್ವನಿವರ್ಧಕ ಹಿಡಿದು, ಇಲ್ಲದ ಪಂದ್ಯದ ವೀಕ್ಷಕ ವಿವರಣೆ ಶುರುಮಾಡಿದರು. ಲೇಕ್ ರೋವರ್ಸ್ ಮತ್ತು ಅದರ ಜನ್ಮವೈರಿ ವೆಸ್ಟರ್ನ್ ಬುಲ್ಸ್! ಅಕ್ಕಪಕ್ಕದವರು ಮಾಸ್ಕ್ ಹಾಕಿಕೊಂಡು ಅವರವರ ಅಂಗಳದಲ್ಲೇ ಕುರ್ಚಿ ಹಾಕಿ ಕುಳಿತರು. ರೋವರ್ಸ್ ನಾಲ್ಕು ಗೋಲು ಹೊಡೆಯಿತು. ಬುಲ್ಸ್ ಸೊನ್ನೆ. ಬೇಲಿಬೇಲಿಯಲ್ಲೂ ಜೈಕಾರ. ಮೇಷ್ಟರ ಗಂಟಲು ಕಟ್ಟಿತು. ಮುಖಕ್ಕೆ ಕಳೆ ಬಂತು. ಮುಂದಿನ ಶನಿವಾರ ಏಳು ಗೋಲು. ಬುಲ್ಸ್ ಪಾಪ ಆಗಲೂ ಸೊನ್ನೆ, ಮೇಲೆ ಇಬ್ಬರಿಗೆ ಕೆಂಪು ಕಾರ್ಡು.

ಅದರ ಮುಂದಿನ ಶನಿವಾರವೇ ಅನಾಹುತವಾದದ್ದು.

"ಉದ್ದನೆಯ ಪಾಸು, ಚೆಂಡು ಒಪಾಲಾ ಕಾಲಿಗೆ! ಮುಂದೆ ಗೋಲ್‌ಕೀಪರ್ ಒಬ್ಬನೇ ಇದ್ದಾನೆ, ಒದ್ದ, ಗೋ..."

"ಆಫ್‌ಸೈಡ್!"

ದನಿ ಬಂದದ್ದು ಬಟ್ಟೆ ಒಣಹಾಕುವ ಹಗ್ಗದ ಕಡೆಯಿಂದ. ಮುಹೊಂಜಾ ಒದ್ದೆ ಲಂಗ ಕೈಯಲ್ಲಿ ಹಿಡಿದು ಕೆರಳಿ ನಿಂತಿದ್ದಳು.

"ಏನಂದೆ?"

"ಆಫ್‌ಸೈಡ್ ಅಂದೆ. ಎರಡು ವಾರದಿಂದ ಸಹಿಸ್ಕೊಂಡಿದ್ದೀನಿ. ನಮ್ಮ ಮುಸಂಬಾ ಡಿಫೆನ್ಸಲ್ಲಿ ನಿಂತಿರೋವಾಗ ನಿಮ್ಮ ಒಪಾಲಾ ಅಷ್ಟು ಸಲೀಸಾಗಿ ನುಗ್ತಾನಾ? ಕಳೆದ ಸಲ ಮುಸಂಬಾ ಅವನನ್ನ ಜೇಬಲ್ಲಿಟ್ಕೊಂಡು ಓಡಾಡಿದ್ದ!"

ಧ್ವನಿವರ್ಧಕ ಒಮ್ಮೆ ಕುಂಯ್ ಎಂದಿತು.

"ನಮ್ಮ?" ಎಂದರು ಮೇಷ್ಟರು. "ಯಾರ ನಮ್ಮ?"

ಮಗಳು ಅಪೊಂಡಿ ಕಿಟಕಿಯಿಂದ ತಲೆ ಹೊರಹಾಕಿದಳು. "ಅಪ್ಪಾ, ಅಮ್ಮ ಬುಲ್ಸ್ ಕಡೆ ಅಂತ ನಿಮಗೆ ಗೊತ್ತಿರ್ಲಿಲ್ವಾ? ನಿಜವಾಗ್ಲೂ?"

ಮುಹೊಂಜಾಳ ತವರು ಬೆಟ್ಟದ ಕಡೆಯ ಊರು, ಬುಲ್ಸ್ ತಂಡದ ಕೋಟೆ. ಚಿಕ್ಕಂದಿನಲ್ಲಿ ಅಪ್ಪನ ಹೆಗಲೇರಿ ಪಂದ್ಯ ನೋಡುತ್ತಾ ಬೆಳೆದವಳು. ಮದುವೆಯಾಗಿ ಬಂದ ಮೇಲೆ ಶನಿವಾರ ಗಂಡ ಬಾಗಿಲು ದಾಟುವುದೇ ತಡ, ರೇಡಿಯೋವನ್ನು ಅಡುಗೆಮನೆಗೆ ಒಯ್ದು ಕಿವಿಗೆ ಹಚ್ಚಿಕೊಳ್ಳುತ್ತಿದ್ದಳು.

ಮೇಷ್ಟರು ಸ್ಟೂಲಿನಿಂದ ಇಳಿದರು. ಏನೋ ನೆನಪಾಗಿ ಅವರ ಮುಖ ಬಿಳಿಚಿಕೊಂಡಿತು. "ಹಾಗಾದ್ರೆ... ನಾವು ಬುಲ್ಸ್ ಕೈಲಿ ಸೋತು ಬಂದಾಗೆಲ್ಲ ನೀನು ಕೋಳಿ ಸಾರು, ಚಪಾತಿ ಮಾಡ್ತಿದ್ದೆಯಲ್ಲ. ಅದು ನನ್ನ ಸಮಾಧಾನಕ್ಕಲ್ವಾ?"

ಮುಹೊಂಜಾ ನೆಲ ನೋಡಿದಳು. "ಹಬ್ಬಕ್ಕೆ ಕಣ್ರೀ."

ಬೇಲಿಯಾಚೆ ಒಗುಟು ಕೆಮ್ಮಿದರು. (ಸೋತ ಗಂಡನಿಗೆ ಕೋಳಿ ಬೇಯಿಸಿ ಹಾಕುವ ಸಾಧ್ವಿಯ ಕಥೆಯನ್ನು ಮೇಷ್ಟರು ಇಡೀ ಗ್ಯಾಲರಿಗೆ ಹೇಳಿ, ಹಲವರ ಹೆಂಡಂದಿರಿಗೆ ಬೈಗುಳ ಕೊಡಿಸಿದ್ದರು.)

ಅಂದು ಮೇಷ್ಟರು ಉಗಾಲಿ ಮುದ್ದೆ ಮುಟ್ಟಲಿಲ್ಲ. ಮರುದಿನವೂ ಮಾತಿಲ್ಲ. "ಉಪ್ಪು ಬೇಕಂತೆ ಹೇಳು ನಿಮ್ಮ ಬುಲ್ಸ್‌ಗೆ" ಎಂದು ಮಗಳ ಮೂಲಕ ಸಂದೇಶ. "ಎದ್ದು ತಗೋಬೇಕಂತೆ ಹೇಳು ನಿಮ್ಮ ರೋವರ್ಸ್‌ಗೆ" ಎಂದು ಉತ್ತರ. ಎರಡು ದಿನಕ್ಕೇ ಅಪೊಂಡಿ ರಾಜೀನಾಮೆ ಕೊಟ್ಟಳು.

ಕೊನೆಗೆ ಮೇಷ್ಟರೇ ಬಾಯಿ ಬಿಟ್ಟರು. ಮುಹೊಂಜಾ ಹಿತ್ತಲಲ್ಲಿ ಮೀನು ಉಜ್ಜುತ್ತಿದ್ದಳು. ಎದುರಿಗೆ ಕುಕ್ಕರಗಾಲಲ್ಲಿ ಕೂತು, "ಇಷ್ಟು ವರ್ಷ ಒಂದು ಮಾತು ಹೇಳಬಾರದಿತ್ತಾ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು.

"ಹೇಳಿದ್ರೆ ಸೋತ ದಿನ ನೀವು ಯಾರ ಹತ್ರ ಬಂದು ಅಳ್ತಿದ್ರಿ?" ಎಂದಳು ಅವಳು. "ಎದುರು ತಂಡದವಳ ಮುಂದೆ ಅಳೋದಕ್ಕೆ ನಿಮಗೆ ಆಗ್ತಿತ್ತಾ? ಅದಕ್ಕೇ ನಗು ಬಂದಾಗ ಇಲ್ಲಿಗೆ ಬಂದು ನಕ್ಕು, ಮುಖ ತೊಳ್ಕೊಂಡು ಒಳಗೆ ಬರ್ತಿದ್ದೆ."

ಮೇಷ್ಟರು ಚಾಕು ತೆಗೆದುಕೊಂಡು ಒಂದು ಮೀನನ್ನು ತಾವೂ ಉಜ್ಜತೊಡಗಿದರು. ತಪ್ಪಾಗಿ ಉಜ್ಜುತ್ತಿದ್ದರು. ಅವಳು ತಿದ್ದಲಿಲ್ಲ.

ಶನಿವಾರ ಬಂತು. ಅಂಗಳಗಳಲ್ಲಿ ಕುರ್ಚಿಗಳು ಬಿದ್ದವು. ಮೇಷ್ಟರು ಸ್ಟೂಲು ಹತ್ತಿದ್ದೇ ತಡ, ಒಗುಟು ಎದ್ದು ನಿಂತು ತಲೆ ಕೆರೆದುಕೊಂಡರು. "ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ನಿಮ್ಮ ಪಂದ್ಯದಲ್ಲಿ ಗೆಲ್ಲೋದ್ಯಾರು ಅಂತ ಮೊದಲೇ ಗೊತ್ತಿರುತ್ತೆ. ಇವತ್ತು ಮಾಮಾ ಅಪೊಂಡಿ ಹೇಳಲಿ."

"ಹೌದೌದು, ಮಾಮಾ ಅಪೊಂಡಿ!" ಎಂದು ಎಲ್ಲ ಬೇಲಿಗಳೂ ಅಪೊಂಡಿಯ ಅಮ್ಮನ ಕಡೆ ತಿರುಗಿ ಕೂಗಿದವು.

"ಒಲೆ ಮೇಲೆ ಮೀನಿದೆ" ಎಂದು ಮುಹೊಂಜಾ ತಡವರಿಸಿದಳು.

"ನಾನು ನೋಡ್ಕೋತೀನಿ, ಹೋಗು" ಎಂದರು ಮೇಷ್ಟರು, ತ್ಯಾಗಮೂರ್ತಿಯ ಗಾಂಭೀರ್ಯದಿಂದ. ಅವಳು ಸೋತು ಸುಣ್ಣವಾಗಿ ಬರುತ್ತಾಳೆಂಬ ನಂಬಿಕೆ ಅವರಿಗಿತ್ತು.

ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತರು. ಹೊರಗಿನಿಂದ ಅವಳ ದನಿ ಕೇಳತೊಡಗಿತು. ಅವಳು ಕಿರುಚುತ್ತಿರಲಿಲ್ಲ, ಮೈದಾನವನ್ನೇ ತಂದು ಅಂಗಳದಲ್ಲಿ ಹಾಸುತ್ತಿದ್ದಳು. ರೋವರ್ಸ್ ಒಂದು, ಬುಲ್ಸ್ ಒಂದು. ಕಾಲು ಜಾರುವ ಹುಲ್ಲು, ಉಳುಕಿದ ಪಾದ, ಕೈಗಡಿಯಾರ ನೋಡುವ ರೆಫರಿ. ಮೇಷ್ಟರ ಸೌಟು ಗಾಳಿಯಲ್ಲೇ ನಿಂತಿತು. ಕೊನೆಯ ಗಳಿಗೆ. ಬುಲ್ಸ್‌ನ ಮುಸಂಬಾ ಮೈದಾನದ ತಮ್ಮ ಅರ್ಧದಿಂದಲೇ ಚೆಂಡು ತಳ್ಳಿಕೊಂಡು ಹೊರಟ. ಒಬ್ಬ ಅಡ್ಡ ಬಂದ, ಮುಸಂಬಾ ಬಿದ್ದ, ಎದ್ದ, ಕುಂಟುತ್ತಲೇ ಓಡಿದ, ಕಣ್ಣುಮುಚ್ಚಿ ಒದ್ದ...

"ಗೋ...ಲ್!"

ಆ ಕೂಗಿಗೆ ಕೋಳಿಗಳು ಚೆಲ್ಲಾಪಿಲ್ಲಿಯಾದವು. ನೀಲಿ ಅಂಗಿಯ ನೆರೆಹೊರೆಯವರೆಲ್ಲ ತೆಪ್ಪಗಿದ್ದರು. ಕೂಗಿದ್ದು ತಮ್ಮದೇ ಗಂಟಲು ಎಂದು ಮೇಷ್ಟರಿಗೆ ಹೊಳೆಯಲು ಒಂದು ಕ್ಷಣ ಬೇಕಾಯಿತು.

ಧ್ವನಿವರ್ಧಕ ಕಿಟಕಿಯ ಕಡೆಗೆ ತಿರುಗಿತು. "ಬಾಬಾ ಅಪೊಂಡಿ, ಒಳಗೆ ಯಾರದು ಕೂಗಿದ್ದು?"

"ಯಾರೂ ಇಲ್ಲ ಕಣೇ" ಎಂದರು ಮೇಷ್ಟರು. "ಹಾಲು ಉಕ್ತು."

ಒಲೆಯ ಮೇಲೆ ಮೀನು ಕರಕಲಾಗಿತ್ತು.